ಓದುಗರ ಪ್ರಶ್ನೆ: ಕಂಬಳಿಗಿಂತ ಮೊದಲು ಹೆಸರಿನ ಪಟ್ಟಿ

ಪ್ರಶ್ನೆ: ನಮ್ಮದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಗಣೇಶನ ಹಬ್ಬಕ್ಕೆ ಎತ್ತಿದ ಚಂದಾದಲ್ಲಿ ಈ ವರ್ಷ ನಮ್ಮ ಯುವಕ ಸಂಘಕ್ಕೆ ನಲವತ್ತು ಸಾವಿರ ರೂಪಾಯಿ ಉಳಿದಿದೆ. ಊರಿನಲ್ಲಿ ಒಂಟಿಯಾಗಿರುವ ಬಡ ಹಿರಿಯರಿಗೆ ಕಂಬಳಿ, ದಿನಸಿ ಹಂಚಬೇಕೆಂದುಕೊಂಡಿದ್ದೇವೆ. ಒಂದು ದಿನ ಹಂಚಿ ಫೋಟೊ ತೆಗೆಸಿಕೊಂಡರೆ ಮುಗಿಯಿತೇ ಎಂದು ನಮ್ಮಲ್ಲೇ ಕೆಲವರು ಕೇಳುತ್ತಿದ್ದಾರೆ. ಇದಕ್ಕಿಂತ ಒಳ್ಳೆಯ ದಾರಿ ಇದೆಯೇ?

ಉತ್ತರ: ನಿಮ್ಮ ಸಂಘದ ಹುಡುಗರು ಕೇಳಿರುವುದು ಸರಿಯಾದ ಪ್ರಶ್ನೆ. ಅದನ್ನು ಮುಚ್ಚಿಡದೆ ಬರೆದಿರುವುದಕ್ಕಾಗಿ ನಿಮ್ಮನ್ನು ಅಭಿನಂದಿಸುತ್ತೇನೆ. ಕಂಬಳಿ ಬೇಡವೆಂದು ನಾನು ಹೇಳಲಾರೆ. ಮಾಗಿಯ ಚಳಿಯಲ್ಲಿ ಅದು ಬೇಕೇ ಬೇಕು. ಆದರೆ ಅಂಗಡಿಗೆ ಹೋಗುವ ಮೊದಲು ಒಂದು ನೋಟ್‌ಬುಕ್ ಹಿಡಿದು ಊರಿನ ಮನೆಮನೆಗೆ ಹೋಗಿ, ಅರವತ್ತು ದಾಟಿದವರ ಹೆಸರಿನ ಪಟ್ಟಿಯೊಂದನ್ನು ಮಾಡಿಕೊಳ್ಳಿ. ಯಾರು ಒಬ್ಬರೇ ಇದ್ದಾರೆ, ಯಾರು ಮಕ್ಕಳ ಮನೆಯಲ್ಲೇ ಇದ್ದರೂ ಬೇರೆ ಒಲೆ ಹೂಡಿಕೊಂಡಿದ್ದಾರೆ, ಮಾಸಾಶನ ಯಾರಿಗೆ ಬರುತ್ತಿದೆ, ಯಾರಿಗೆ ಬರುತ್ತಿದ್ದದ್ದು ನಿಂತುಹೋಗಿದೆ, ಪಡಿತರ ಚೀಟಿಯಲ್ಲಿ ಹೆಸರು ಇದೆಯೇ, ಬಿಪಿ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲಿಂದ ಬರುತ್ತದೆ, ರಾತ್ರಿ ಹೊತ್ತು ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಅದರಲ್ಲಿ ಇರಲಿ. ಊರ ನಡುವಿನ ಬೀದಿಗಳಲ್ಲಿ ಮಾತ್ರ ತಿರುಗಬೇಡಿ. ಕಾಲೊನಿ, ಗೊಲ್ಲರಹಟ್ಟಿ, ತೋಟದ ಮನೆಗಳಿಗೂ ಹೋಗಿ, ಏಕೆಂದರೆ ಇಂತಹ ಪಟ್ಟಿಗಳಿಂದ ಸಾಮಾನ್ಯವಾಗಿ ತಪ್ಪಿಹೋಗುವವರು ಅಲ್ಲಿನವರೇ. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಅಂಚೆಯಣ್ಣ, ನ್ಯಾಯಬೆಲೆ ಅಂಗಡಿಯವರು, ಈ ನಾಲ್ವರನ್ನು ಕೇಳಿದರೆ ಅರ್ಧ ಪಟ್ಟಿ ಅವರ ಬಾಯಲ್ಲೇ ಇರುತ್ತದೆ. ಒಂದು ಮಾತು ಮರೆಯಬೇಡಿ: ಈ ಪಟ್ಟಿ ಒಂದೇ ಪುಸ್ತಕದಲ್ಲಿ, ಒಬ್ಬರ ಬಳಿ ಇರಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಯಾವ ಮುದುಕಿ ಒಬ್ಬಳೇ ಮಲಗುತ್ತಾಳೆ ಎಂಬ ವಿಷಯ ಎಲ್ಲರಿಗೂ ತಿಳಿಯಬೇಕಾದದ್ದಲ್ಲ.

ಇನ್ನು ಹಣದ ಲೆಕ್ಕ. ರಾಜ್ಯದಲ್ಲಿ 2007ರಿಂದ ಇರುವ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನವನ್ನು 2021ರಲ್ಲಿ 1,000 ರೂಪಾಯಿಯಿಂದ 1,200 ರೂಪಾಯಿಗೆ ಏರಿಸಲಾಯಿತು. ಸಣ್ಣ ಮತ್ತು ಅತಿ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು, ಅಸಂಘಟಿತ ವಲಯದ ಕೆಲಸಗಾರರು, ಹೀಗೆ ದುಡಿದು ಮುಪ್ಪಾದ, 65 ವರ್ಷ ದಾಟಿದ ಬಡವರಿಗಾಗಿ ಇರುವ ಯೋಜನೆ ಇದು. ವರ್ಷಕ್ಕೆ ಒಬ್ಬರಿಗೆ 14,400 ರೂಪಾಯಿ. ನಿಂತುಹೋದ ಮಾಸಾಶನ ನಿಮ್ಮೂರಿನ ಮೂವರಿಗೆ ಮತ್ತೆ ಬರುವಂತೆ ನೀವು ಮಾಡಿದರೆ ವರ್ಷಕ್ಕೆ 43,200 ರೂಪಾಯಿ ಆಗುತ್ತದೆ. ಅಂದರೆ ನಿಮ್ಮ ಬಳಿ ಇರುವ ಇಡೀ ನಿಧಿಗಿಂತ ಹೆಚ್ಚು, ಅದೂ ಒಂದು ವರ್ಷಕ್ಕಲ್ಲ, ಅವರು ಬದುಕಿರುವವರೆಗೆ.

ಮಾಸಾಶನ ನಿಲ್ಲುವ ಕಾರಣಗಳು ಹೆಚ್ಚಿನ ಸಲ ಬಹಳ ಸಣ್ಣವು. ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿರುವುದಿಲ್ಲ, ಅಥವಾ ಎರಡು ಖಾತೆಗಳಿದ್ದು ಹಣ ಗೊತ್ತಿಲ್ಲದ ಖಾತೆಗೆ ಹೋಗಿ ಬೀಳುತ್ತಿರುತ್ತದೆ. ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಇರುತ್ತದೆ. ಬ್ಯಾಂಕುಗಳು ವಿಲೀನವಾದ ಮೇಲೆ ಹಳೆಯ ಪಾಸ್‌ಬುಕ್ಕನ್ನೇ ಗಂಟಿನಲ್ಲಿ ಇಟ್ಟುಕೊಂಡವರು ಇದ್ದಾರೆ. ಜೀವಮಾನವಿಡೀ ಕಳೆ ಕಿತ್ತ, ತೆಂಗಿನ ನಾರು ಬಿಡಿಸಿದ ಕೈಗಳಲ್ಲಿ ಬೆರಳಚ್ಚು ಸವೆದುಹೋಗಿ ಯಂತ್ರ ಅವರನ್ನು ಗುರುತಿಸುವುದೇ ಇಲ್ಲ. ಅಂಥವರಿಗೆ ಕಣ್ಣಿನ ಪಾಪೆಯ ಮೂಲಕ ಗುರುತು ಹಿಡಿಯುವ ವ್ಯವಸ್ಥೆ ಆಧಾರ್‌ನಲ್ಲಿ ಇದೆ ಎಂಬುದನ್ನು ಯಾರೂ ಹೇಳಿರುವುದಿಲ್ಲ. ಏಳು ತಿಂಗಳ ಮಾಸಾಶನ ಕಳೆದುಕೊಂಡಿದ್ದ ಒಬ್ಬ ಅಜ್ಜಿಯ ಜೊತೆ ಹಿಂದೊಮ್ಮೆ ನಾನೇ ಬ್ಯಾಂಕಿಗೆ ಹೋಗಿದ್ದೆ. ಕೆಲಸ ಮುಗಿಯಲು ಹಿಡಿದದ್ದು ಇಪ್ಪತ್ತು ನಿಮಿಷ. ಆ ಏಳು ತಿಂಗಳೂ ಅವರಿಗೆ ಇಲ್ಲದೆ ಹೋದದ್ದು ಜೊತೆಗೆ ಬರುವ ಒಬ್ಬ ಮನುಷ್ಯ ಮಾತ್ರ. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಸಂಕಟವಾಗುತ್ತದೆ. ಆದ್ದರಿಂದ ನಿಮ್ಮ ಸಂಘದಿಂದ ಇಬ್ಬರು ತಿಂಗಳಲ್ಲಿ ಎರಡು ದಿನ ನಾಡಕಚೇರಿಗೆ, ಬ್ಯಾಂಕಿಗೆ, ಆಧಾರ್ ಕೇಂದ್ರಕ್ಕೆ ಹಿರಿಯರನ್ನು ಕರೆದುಕೊಂಡು ಹೋಗುವ ಕೆಲಸವನ್ನು ವಹಿಸಿಕೊಳ್ಳಲಿ. ಹೊಸ ಅರ್ಜಿಯಾದರೆ ಗ್ರಾಮ ಆಡಳಿತ ಅಧಿಕಾರಿಯ ಪರಿಶೀಲನೆ ಆಗಿ ತಹಶೀಲ್ದಾರರ ಮಂಜೂರಾತಿ ಬರುವವರೆಗೂ ಬೆನ್ನು ಹತ್ತಬೇಕು. ನಡೆಯಲಾಗದವರ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ: 70 ದಾಟಿದ ಗ್ರಾಹಕರಿಗೆ ಹಣ ತಲುಪಿಸುವುದೂ ಸೇರಿದಂತೆ ಮೂಲ ಸೇವೆಗಳನ್ನು ಮನೆಬಾಗಿಲಿಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರ್‌ನಲ್ಲಿಯೇ ಬ್ಯಾಂಕುಗಳಿಗೆ ಸೂಚಿಸಿದೆ. ಶಾಖೆಗೆ ಹೋಗಿ, ಈ ಸೂಚನೆಯನ್ನು ಹೆಸರಿಸಿ, ಲಿಖಿತವಾಗಿ ಕೇಳಿ.

ಪಡಿತರದ ವಿಷಯದಲ್ಲಿಯೂ ಇದೇ ರೀತಿ ನೋಡಬೇಕು. 2000ದ ಡಿಸೆಂಬರ್‌ನಲ್ಲಿ ಆರಂಭವಾದ ಅಂತ್ಯೋದಯ ಅನ್ನ ಯೋಜನೆಯ ಕುಟುಂಬಕ್ಕೆ ತಿಂಗಳಿಗೆ 35 ಕಿಲೊ ಧಾನ್ಯ ಸಿಗುತ್ತದೆ. ಬದುಕಿಗೆ ಬೇರೆ ದಾರಿಯಿಲ್ಲದ, 60 ದಾಟಿದವರೇ ಯಜಮಾನರಾಗಿರುವ ಕುಟುಂಬಗಳೂ ಅದರ ವ್ಯಾಪ್ತಿಗೆ ಬರುತ್ತವೆ. ನಿಮ್ಮ ಪಟ್ಟಿಯಲ್ಲಿ ಅಂಥವರು ಯಾರಿದ್ದಾರೆಂದು ಗುರುತಿಸಿ, ಗ್ರಾಮಸಭೆಯಲ್ಲಿ ಹೆಸರು ಹೇಳಿ, ಅದು ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.

ಇದು ಹೊಸ ಹಾದಿಯೇನಲ್ಲ. ನೆರೆಯ ಕೇರಳದ ಕೋಯಿಕ್ಕೋಡ್, ಮಲಪ್ಪುರಂ ಭಾಗದಲ್ಲಿ ಸುಮಾರು 2000ದ ಹೊತ್ತಿಗೆ ಹಾಸಿಗೆ ಹಿಡಿದ ರೋಗಿಗಳ ಆರೈಕೆಗಾಗಿ ನೆರೆಹೊರೆಯವರ ಜಾಲವೊಂದು ಹುಟ್ಟಿಕೊಂಡಿತು. ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡಬಲ್ಲ ಯಾರಾದರೂ ಅದಕ್ಕೆ ಸೇರಬಹುದಾಗಿತ್ತು. ಹದಿನಾರು ಗಂಟೆಯ ಪಾಠ, ನಾಲ್ಕು ದಿನ ರೋಗಿಗಳ ಬಳಿಯೇ ಕಲಿಕೆ, ಆಮೇಲೆ ಹತ್ತು ಹದಿನೈದು ಜನರ ಗುಂಪುಗಳಾಗಿ ತಮ್ಮ ತಮ್ಮ ಊರಿನಲ್ಲಿ ಕೆಲಸ. ಖರ್ಚಿನ ದೊಡ್ಡ ಪಾಲು ಬಂದದ್ದು ಸ್ಥಳೀಯರ ಚಿಲ್ಲರೆ ದೇಣಿಗೆಯಿಂದ. ಆ ಜನರ ಅನುಭವದ ಮೇಲೆಯೇ 2008ರಲ್ಲಿ ಕೇರಳ ಸರ್ಕಾರ ಉಪಶಾಮಕ ಆರೈಕೆಯ, ಅಂದರೆ ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಯ ನೀತಿಯನ್ನು ರೂಪಿಸಿತು. ತಮಿಳುನಾಡಿನ ಕರಾವಳಿಯಲ್ಲಿ 2004ರ ಸುನಾಮಿಯ ನಂತರ ಹೆಲ್ಪ್‌ಏಜ್ ಇಂಡಿಯಾ ಸಂಸ್ಥೆ ವೃದ್ಧರದ್ದೇ ಸ್ವಸಹಾಯ ಸಂಘಗಳನ್ನು ಕಟ್ಟಿತು. ಸಾಲ ಕೊಡಲು ಯಾರೂ ಒಪ್ಪದ ವಯಸ್ಸಿನವರು ತಾವೇ ಉಳಿತಾಯ ಮಾಡಿ, ತಮ್ಮೊಳಗೇ ಸಾಲ ಪಡೆದು ಮೀನು, ಸೊಪ್ಪು ಮಾರಿದರು. ನಮ್ಮಲ್ಲಿ ಸಂಜೀವಿನಿ ಎಂದು ಕರೆಯುವ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ನಿಯಮಗಳಲ್ಲಿಯೂ ಹಿರಿಯರ ಪ್ರತ್ಯೇಕ ಸಂಘಕ್ಕೆ ಅವಕಾಶವಿದೆ, ಅದರಲ್ಲಿ ಗಂಡಸರೂ ಇರಬಹುದು. ಅದೇ ಅಭಿಯಾನದಲ್ಲಿ ಹಸಿವು, ಕಾಯಿಲೆಯಂತಹ ಕಷ್ಟದಲ್ಲಿರುವ ಕುಟುಂಬಗಳಿಗೆಂದು ಹಳ್ಳಿಯ ಮಹಿಳಾ ಒಕ್ಕೂಟಕ್ಕೆ ವಿ.ಆರ್.ಎಫ್. ಎಂಬ ನಿಧಿಯೂ ಇದೆ. ನಿಮ್ಮೂರಿನ ಒಕ್ಕೂಟದ ಹೆಣ್ಣುಮಕ್ಕಳೊಂದಿಗೆ ಕುಳಿತು ಮಾತನಾಡಿ. ಯುವಕ ಸಂಘ ಒಂದು ಕಡೆ, ಮಹಿಳಾ ಒಕ್ಕೂಟ ಇನ್ನೊಂದು ಕಡೆ ಎಂದು ಕೆಲಸ ಮಾಡುವುದಕ್ಕಿಂತ ಇಬ್ಬರೂ ಕೂಡಿದರೆ ಹಿರಿಯ ಹೆಂಗಸರು ಮನಸ್ಸು ಬಿಚ್ಚಿ ಮಾತನಾಡುತ್ತಾರೆ.

ನಲವತ್ತು ಸಾವಿರವನ್ನು ಯಾವುದಕ್ಕೆ ಬಳಸಬೇಕೆಂದರೆ, ಊರಿಂದ ಪಟ್ಟಣಕ್ಕೆ ಆಟೊ ಬಾಡಿಗೆಗೆ ಒಂದಷ್ಟು ಇರಲಿ. ಪೊರೆ ಬಂದವರನ್ನು ಸರ್ಕಾರಿ ಆಸ್ಪತ್ರೆಯ ಉಚಿತ ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವುದಕ್ಕೆ, ಅವರ ಜೊತೆ ಉಳಿಯುವವರ ಊಟಕ್ಕೆ ಒಂದಷ್ಟು ಇರಲಿ. ಬಚ್ಚಲುಮನೆಯ ಗೋಡೆಗೆ ಕಬ್ಬಿಣದ ಹಿಡಿ, ಹೊಸ್ತಿಲ ಬಳಿ ಒಂದು ಬಲ್ಬು ಹಾಕಿಸಿ; ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಬಡ ಮುದುಕರ ಮನೆ ಮತ್ತೆ ಏಳುವುದು ಬಹಳ ಕಷ್ಟ. ಉಳಿದದ್ದರಲ್ಲಿ ಕಂಬಳಿ ಕೊಳ್ಳಿ. ಯಾರಿಗೆ ಏನು ಬೇಕೆಂದು ತೀರ್ಮಾನಿಸುವ ಸಭೆಯಲ್ಲಿ ಇಬ್ಬರು ಮೂವರು ಹಿರಿಯರೇ ಕುಳಿತಿರಲಿ.

ಪ್ರಶ್ನೆ: ನಾವು ಹುಬ್ಬಳ್ಳಿಯಲ್ಲಿ ವಠಾರದಂತಹ ಮನೆಯಲ್ಲಿ ಇದ್ದೇವೆ. ಪಕ್ಕದ ಮನೆಯ ಅಜ್ಜಿಗೆ ಬರುವ ಮಾಸಾಶನವನ್ನು ಮಗನೇ ಬಿಡಿಸಿಕೊಳ್ಳುತ್ತಾನೆ. ಹೊತ್ತಿಗೆ ಸರಿಯಾಗಿ ಊಟ ಹಾಕುವುದಿಲ್ಲ, ಬೈಗುಳ ನಮಗೆ ಕೇಳಿಸುತ್ತದೆ. ದೂರು ಕೊಡೋಣವೆಂದರೆ ಅಜ್ಜಿ, ‘ಬ್ಯಾಡವ್ವಾ, ಅಂವಾ ನನ್ನ ಮಗಾ ಅದಾನ’ ಎನ್ನುತ್ತಾರೆ. ನೋಡಿಯೂ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ಉತ್ತರ: ನೀವು ಸುಮ್ಮನಿರಬಾರದು, ಆದರೆ ಅವಸರವನ್ನೂ ಮಾಡಬಾರದು. ಆ ತಾಯಿ ಹೇಳುತ್ತಿರುವ ಮಾತಿನಲ್ಲಿ ಮಮತೆ ಇರುವಂತೆಯೇ ಭಯವೂ ಇದೆ: ದೂರು ಕೊಟ್ಟ ಮೇಲೆ ಆ ರಾತ್ರಿ ಮಲಗಬೇಕಾದದ್ದು ಅದೇ ಮನೆಯಲ್ಲಿ. ಆದ್ದರಿಂದ ಮೊದಲು ದಿನಕ್ಕೊಂದು ಸಲ ಅವರ ಮನೆಗೆ ಹೋಗುವ ರೂಢಿ ಮಾಡಿಕೊಳ್ಳಿ. ಒಂದು ದಿನ ಸಾರು, ಇನ್ನೊಂದು ದಿನ ಮಾತು. ನೆರೆಯವರು ಬಂದು ಹೋಗುತ್ತಾರೆ ಎಂಬುದು ಗೊತ್ತಾದರೇ ಎಷ್ಟೋ ಮನೆಗಳಲ್ಲಿ ದನಿ ತಗ್ಗುತ್ತದೆ. ಮಗನನ್ನು ಕಂಡು ಮಾತನಾಡಬಲ್ಲ ಹಿರಿಯ ಸಂಬಂಧಿಕರಿದ್ದರೆ ಅವರ ಕಿವಿಗೆ ಹಾಕಿ. ಕುಡಿತ, ಸಾಲ, ಕೆಲಸವಿಲ್ಲದಿರುವುದು ಇವುಗಳಲ್ಲಿ ಯಾವುದಾದರೂ ಹಿಂದೆ ಇದೆಯೇ ಎಂದೂ ನೋಡಿ. ಬಡತನದಿಂದ ಕೈಸೋತ ಮಗನ ಮನೆಗೆ ಬೇಕಾದ ನೆರವು ಬೇರೆ, ತಾಯಿಯ ದುಡ್ಡನ್ನು ಕಿತ್ತುಕೊಳ್ಳುವವನ ವಿಷಯದಲ್ಲಿ ಮಾಡಬೇಕಾದದ್ದು ಬೇರೆ.

ಮಾಸಾಶನ ಅಜ್ಜಿಯ ಕೈಗೇ ಬರುವಂತೆ ಮಾಡುವುದು ಎರಡನೆಯ ಹೆಜ್ಜೆ. ಅವರ ಹೆಸರಿನ ಖಾತೆಯ ಪಾಸ್‌ಬುಕ್, ಎಟಿಎಂ ಕಾರ್ಡ್ ಯಾರ ಬಳಿ ಇವೆಯೆಂದು ವಿಚಾರಿಸಿ. ಅವರು ಒಪ್ಪಿದರೆ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಬೇರೆ ಖಾತೆ ತೆರೆದು ಆಧಾರ್ ಜೋಡಿಸಬಹುದು.

ಸಲಹೆ ಬೇಕೆನಿಸಿದರೆ 14567 ಸಂಖ್ಯೆಯ ಹಿರಿಯರ ಸಹಾಯವಾಣಿಗೆ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕರೆ ಮಾಡಬಹುದು. ನೆರೆಯವರು ಮಾಡಿದರೂ ಕೇಳುತ್ತಾರೆ, ಹಣ ಕೊಡಬೇಕಾಗಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ಅಡಿಯಲ್ಲಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹಿರಿಯರಿಂದ ಅದು ಸಾಧ್ಯವಾಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಬೇರೊಬ್ಬ ವ್ಯಕ್ತಿ ಅಥವಾ ನೋಂದಾಯಿತ ಸಂಸ್ಥೆ ಅರ್ಜಿ ಹಾಕಬಹುದು. ನ್ಯಾಯಮಂಡಳಿ ತಾನಾಗಿಯೇ ಕೈಗೆತ್ತಿಕೊಳ್ಳಲೂ ಅವಕಾಶವಿದೆ. ಮೊದಲು ರಾಜಿಗೆ ಪ್ರಯತ್ನಿಸುವ ಏರ್ಪಾಡು ಅಲ್ಲಿಯೇ ಇರುವುದರಿಂದ, ‘ಮಗನನ್ನು ನೇರವಾಗಿ ಜೈಲಿಗೆ ಹಾಕುವುದಿಲ್ಲ, ಮೊದಲು ಕರೆದು ಕೂರಿಸಿ ಬುದ್ಧಿ ಹೇಳುತ್ತಾರೆ’ ಎಂದು ಅಜ್ಜಿಗೆ ನೀವು ಧೈರ್ಯ ಹೇಳಬಹುದು.

ಆದರೆ ಮೈಮೇಲೆ ಗಾಯ ಕಂಡರೆ, ಕೋಣೆಯಲ್ಲಿ ಕೂಡಿಹಾಕಿದ್ದರೆ, ಔಷಧಿ ತಪ್ಪಿಸಿದ್ದರೆ ಒಪ್ಪಿಗೆಗಾಗಿ ಕಾಯಬೇಡಿ. ಆ ಕ್ಷಣವೇ 112ಕ್ಕೆ ಕರೆ ಮಾಡಿ.

ಪ್ರಶ್ನೆ: ನನಗೆ 72 ವರ್ಷ. ಸಾಗರ ತಾಲ್ಲೂಕಿನಲ್ಲಿದ್ದೇನೆ. ಮೂರು ವರ್ಷಗಳ ಹಿಂದೆ ಮನೆಯನ್ನು ಮಗನಿಗೆ ದಾನಪತ್ರ ಮಾಡಿ ನೋಂದಾಯಿಸಿ ಕೊಟ್ಟೆ. ಈಗ ಮನೆ ಬಿಟ್ಟು ಹೋಗು ಎನ್ನುತ್ತಿದ್ದಾನೆ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ಬರುತ್ತದೆಯೇ?

ಉತ್ತರ: ಅವಕಾಶವಿದೆ, ಆದರೆ ಪತ್ರದಲ್ಲಿ ಏನು ಬರೆದಿದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಮೇಲೆ ಹೇಳಿದ ಕಾಯ್ದೆಯ 23ನೇ ಕಲಮಿನ ಪ್ರಕಾರ, ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿಯನ್ನು ವರ್ಗಾಯಿಸಿದ್ದು, ಪಡೆದವರು ಆ ಮಾತಿಗೆ ತಪ್ಪಿದರೆ ಆ ವರ್ಗಾವಣೆಯನ್ನು ರದ್ದು ಮಾಡುವ ಅಧಿಕಾರ ನ್ಯಾಯಮಂಡಳಿಗೆ ಇದೆ. ಅಂತಹ ಷರತ್ತು ಇತ್ತೆಂಬುದನ್ನು ತೋರಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾನೂನಾದ್ದರಿಂದ ಉದಾರವಾಗಿ ಅರ್ಥೈಸಬೇಕೆಂದೂ, ಆಸ್ತಿಯ ಸ್ವಾಧೀನವನ್ನು ಹಿರಿಯರಿಗೆ ಮರಳಿಸುವಂತೆ ಆದೇಶಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆಯೆಂದೂ ಹೇಳಿ ದಾನಪತ್ರವನ್ನು ರದ್ದುಪಡಿಸಿತು. ಆದ್ದರಿಂದ ನಿಮ್ಮ ದಾನಪತ್ರದ ಪ್ರತಿಯನ್ನು, ಆ ಸಮಯದಲ್ಲಿ ಮಗ ಬರೆದುಕೊಟ್ಟ ಬೇರೆ ಯಾವುದೇ ಕಾಗದ ಇದ್ದರೆ ಅದನ್ನೂ ತೆಗೆದುಕೊಂಡು, ಮನೆ ಬಿಡುವ ಮೊದಲೇ ಉಪವಿಭಾಗಾಧಿಕಾರಿಯ ಕಚೇರಿಗೆ ಹೋಗಿ. ಪೋಷಣೆಯ ಅರ್ಜಿಯನ್ನೂ ಜೊತೆಗೇ ಕೊಡಿ; ನೋಟಿಸ್ ತಲುಪಿದ 90 ದಿನಗಳೊಳಗೆ ಅದು ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ, ವಿಶೇಷ ಕಾರಣವಿದ್ದರೆ ಇನ್ನೂ 30 ದಿನ. ಕಾನೂನಿನ ಉಚಿತ ನೆರವಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು ಅಥವಾ 15100ಕ್ಕೆ ಕರೆ ಮಾಡಬಹುದು.

ಇದನ್ನು ಓದುತ್ತಿರುವ, ಇನ್ನೂ ಪತ್ರ ಮಾಡದಿರುವ ಹಿರಿಯರಲ್ಲಿ ಒಂದು ವಿನಂತಿ. ಬದುಕಿರುವಾಗಲೇ ಎಲ್ಲವನ್ನೂ ಬರೆದುಕೊಡುವುದಕ್ಕಿಂತ ಉಯಿಲು ಬರೆಯುವುದು ಸುರಕ್ಷಿತ, ಏಕೆಂದರೆ ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು. ದಾನಪತ್ರವನ್ನೇ ಮಾಡುವುದಾದರೆ ಅನ್ನ, ವಸತಿ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು ಎಂಬ ಮಾತೂ, ಜೀವಿತಾವಧಿಯವರೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕೂ ಪತ್ರದಲ್ಲಿ ಸ್ಪಷ್ಟವಾಗಿ ಇರಲಿ. ಮಕ್ಕಳ ಮೇಲೆ ನಂಬಿಕೆಯಿಲ್ಲವೇ ಎಂದು ಯಾರಾದರೂ ಕೇಳಿದರೆ ನೊಂದುಕೊಳ್ಳಬೇಡಿ. ಒಳ್ಳೆಯ ಮಗನಿಗೆ ಆ ಸಾಲಿನಿಂದ ಯಾವ ತೊಂದರೆಯೂ ಆಗುವುದಿಲ್ಲ.

ಪ್ರಶ್ನೆ: ದಾವಣಗೆರೆಯ ಹೊರವಲಯದಲ್ಲಿ ನಮಗೊಂದು ನಿವೇಶನವಿದೆ. ತಂದೆಯವರ ನೆನಪಿಗೆ ಇಪ್ಪತ್ತು ಹಾಸಿಗೆಯ ವೃದ್ಧಾಶ್ರಮ ಕಟ್ಟಿಸಬೇಕೆಂಬ ಆಸೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ಆಸೆ ದೊಡ್ಡದು, ಅದಕ್ಕೆ ನನ್ನ ಗೌರವವಿದೆ. ಆದರೂ ಕಟ್ಟಡದಿಂದ ಶುರು ಮಾಡಬೇಡಿ ಎಂದೇ ಹೇಳುತ್ತೇನೆ. ಕಟ್ಟುವ ಖರ್ಚು ಒಂದು ಸಲದ್ದು. ಅಡುಗೆಯವರು, ರಾತ್ರಿ ನೋಡಿಕೊಳ್ಳುವವರು, ನರ್ಸ್, ಔಷಧಿ, ಇವುಗಳ ಖರ್ಚು ಪ್ರತಿ ತಿಂಗಳೂ ಬರುವಂಥದ್ದು. ದಾನಿಗಳ ಉತ್ಸಾಹ ತಗ್ಗಿದ ಮೇಲೆ ಹಾಸಿಗೆಗಳು ಉಳಿದು ಆರೈಕೆ ಇಲ್ಲವಾದ ಆಶ್ರಮಗಳನ್ನು ನಾನು ಕಂಡಿದ್ದೇನೆ. ಅಲ್ಲದೆ ಬಡ ಹಿರಿಯರಲ್ಲಿ ಬಹುಪಾಲು ಜನ ಬಯಸುವುದು ತಮ್ಮ ಮನೆಯ ಹೊಸ್ತಿಲನ್ನು, ತಮ್ಮ ಬೀದಿಯ ಜನರನ್ನು. 2023ರಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಪ್ರಕಟಿಸಿದ ವರದಿಯ ಪ್ರಕಾರ ಭಾರತದ ಹಿರಿಯರಲ್ಲಿ ಶೇಕಡ 40ಕ್ಕೂ ಹೆಚ್ಚು ಮಂದಿ ಅತ್ಯಂತ ಬಡ ವರ್ಗಕ್ಕೆ ಸೇರಿದವರು, ಶೇಕಡ 18.7ರಷ್ಟು ಮಂದಿಗೆ ಯಾವ ಆದಾಯವೂ ಇಲ್ಲ. ಇಷ್ಟು ಜನರನ್ನು ಆಶ್ರಮಗಳಲ್ಲಿ ಇರಿಸಲು ಯಾರಿಂದಲೂ ಆಗದು.

ನಿಮ್ಮ ನಿವೇಶನದಲ್ಲಿ ಒಂದು ಹಜಾರ, ಒಂದು ಅಡುಗೆಮನೆ, ಎರಡು ಶೌಚಾಲಯ ಇರುವ ಹಗಲು ಆಸರೆ ಕೇಂದ್ರ ಮಾಡುವುದು ನನ್ನ ಸಲಹೆ. ಮಕ್ಕಳು ಕೂಲಿಗೆ ಹೋದ ಮೇಲೆ ಹಿರಿಯರು ಬಂದು ಬಿಸಿ ಊಟ ಮಾಡಿ, ಬಿಪಿ ನೋಡಿಸಿಕೊಂಡು, ಒಂದು ಗಳಿಗೆ ಮಲಗಿ ಸಂಜೆ ಮನೆಗೆ ಹೋಗಲಿ. ಬರಲಾಗದವರ ಮನೆಗೆ ಅಲ್ಲಿಂದಲೇ ಊಟದ ಡಬ್ಬಿ ಹೋಗಲಿ. ಡಬ್ಬಿ ಕೊಡಲು ಹೋದವರು ಐದು ನಿಮಿಷ ಕುಳಿತು ಬಂದರೆ ಆ ಮನೆಯ ಸ್ಥಿತಿಯೂ ದಿನವೂ ತಿಳಿಯುತ್ತದೆ. ಇದರಿಂದ ಅದೇ ಖರ್ಚಿನಲ್ಲಿ ಇಪ್ಪತ್ತಕ್ಕಿಂತ ಬಹಳ ಹೆಚ್ಚು ಜನರನ್ನು ತಲುಪಬಹುದು.

ಹಾಗೆಂದು ಆಶ್ರಮವೇ ಬೇಡವೆಂದಲ್ಲ. 2025ರ ಮಾರ್ಚ್‌ನಲ್ಲಿ ನಮ್ಮ ವೈದ್ಯಕೀಯ ಶಿಕ್ಷಣ ಸಚಿವರಾದ ಶರಣಪ್ರಕಾಶ ಪಾಟೀಲರು, ಆಸ್ತಿ ಬರೆಸಿಕೊಂಡು ಹೆತ್ತವರನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಟ್ಟುಹೋಗುವ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಗಳಿಗೆ ದೂರು ಕೊಡಬೇಕೆಂದು ಸೂಚಿಸಿದ್ದು ನಿಮಗೆ ನೆನಪಿರಬಹುದು. ಮರಳಿ ಹೋಗಲು ಮನೆಯೇ ಇಲ್ಲದ ಅಂಥವರಿಗಾಗಿ ಪ್ರತಿ ಜಿಲ್ಲೆಯಲ್ಲಿಯೂ ಕನಿಷ್ಠ 150 ಮಂದಿಗೆ ಸ್ಥಳವಿರುವ ಆಶ್ರಮವನ್ನು ರಾಜ್ಯ ಸರ್ಕಾರ ಹಂತಹಂತವಾಗಿ ಸ್ಥಾಪಿಸಬಹುದೆಂದು ಅದೇ 2007ರ ಕಾಯ್ದೆಯ 19ನೇ ಕಲಂ ಹೇಳುತ್ತದೆ. ನಿಮ್ಮಂತಹ ಪ್ರತಿಷ್ಠಿತರು ಜಿಲ್ಲಾಡಳಿತದ ಮುಂದೆ ಈ ಕಲಮನ್ನು ಹಿಡಿದು ಕೇಳಿದರೆ ಅದೂ ನಿಮ್ಮ ತಂದೆಯವರ ನೆನಪಿಗೆ ಸಲ್ಲುವ ಕೆಲಸವೇ.

ಪ್ರಶ್ನೆ: ಮಂಡ್ಯ ಜಿಲ್ಲೆಯವಳು ನಾನು. ಅಮ್ಮ ನಲವತ್ತು ವರ್ಷ ಗದ್ದೆ ಕೂಲಿ ಮಾಡಿದವರು. ಮಾಸಾಶನಕ್ಕೆ ಅರ್ಜಿ ಹಾಕೋಣವೆಂದರೆ, ‘ಸರ್ಕಾರದ ಭಿಕ್ಷೆ ನನಗೆ ಬೇಡ’ ಎನ್ನುತ್ತಾರೆ. ಏನೆಂದು ಒಪ್ಪಿಸಲಿ?

ಉತ್ತರ: ನಿಮ್ಮ ತಾಯಿಯವರ ಸ್ವಾಭಿಮಾನ ದೊಡ್ಡದು. ಅವರಿಗೆ ಹೀಗೆ ಹೇಳಿ ನೋಡಿ: ನಲವತ್ತು ವರ್ಷ ನಾಟಿ ಮಾಡಿ ಊರಿಗೆ ಅನ್ನ ಕೊಟ್ಟವರಿಗೆ ಭವಿಷ್ಯನಿಧಿಯನ್ನಾಗಲಿ ಗ್ರಾಚ್ಯುಟಿಯನ್ನಾಗಲಿ ಯಾವ ಜಮೀನಿನ ಯಜಮಾನರೂ ಕಟ್ಟಲಿಲ್ಲ. ಆದರೆ ಕೊಂಡ ಪ್ರತಿ ಸೋಪಿಗೂ ಬೆಂಕಿಪೊಟ್ಟಣಕ್ಕೂ ಅವರು ತೆರಿಗೆ ಕೊಟ್ಟಿದ್ದಾರೆ. ಮುಪ್ಪಿನಲ್ಲಿ ಸರ್ಕಾರದ ನೆರವು ದೊರೆಯಬೇಕೆಂದು ಸಂವಿಧಾನದ 41ನೇ ವಿಧಿಯೇ ಹೇಳುತ್ತದೆ. 1995ರ ಆಗಸ್ಟ್ 15ರಂದು ಕೇಂದ್ರದ ವೃದ್ಧಾಪ್ಯ ವೇತನ ಆರಂಭವಾದಾಗ ಅದು ತಿಂಗಳಿಗೆ 75 ರೂಪಾಯಿ. ಇಂದಿಗೂ 80 ವರ್ಷದೊಳಗಿನವರಿಗೆ ಕೇಂದ್ರದ ಪಾಲು 200 ರೂಪಾಯಿಯಷ್ಟೇ ಇರುವುದು ನನಗಂತೂ ನೋವಿನ ಸಂಗತಿ. ಹೆಚ್ಚು ಕೊಡಿ ಎಂದು ಕೇಳಬೇಕಾದ ಹಣವನ್ನು ಭಿಕ್ಷೆ ಎನ್ನಲಾಗದು. ಅಮ್ಮ ಒಪ್ಪಿದ ದಿನ ನಾಡಕಚೇರಿಗೆ ನೀವೇ ಜೊತೆಗೆ ಹೋಗಿ. ಹೊರಡುವ ಮೊದಲು, ಅವರ ಜೊತೆ ನಾಟಿಗೆ ಹೋಗುತ್ತಿದ್ದ ಹೆಂಗಸರಲ್ಲಿ ಇನ್ನೂ ಅರ್ಜಿ ಹಾಕದವರು ಯಾರಾದರೂ ಇದ್ದಾರೆಯೇ ಎಂದು ಅವರನ್ನೇ ಕೇಳಿ, ಅಂಥವರನ್ನೂ ಕರೆದುಕೊಂಡು ಹೋಗಿ.